ಡಿಸೆಬಿಲಿಟಿ ಇದೆ ಅಂತ ಕೆಲಸದಿಂದ ತೆಗೆದ್ರು, ಕಂಪನಿ ಒಳಗಿನ ಅಪೀಲ್ ಇನ್ನೂ ನಡೀತಿದೆ, ಅಷ್ಟರಲ್ಲಿ ಕೇಸ್ ಹಾಕೋ ಟೈಮ್ ಮುಗಿದುಹೋಗುತ್ತಾ?

ದೂರದೂರಿಗ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೆಲಸದ ಕಾನೂನು ಗೊತ್ತಿರೋರು ಇದ್ದಾರೆ ಅಂತ ಹಳೇ ಪೋಸ್ಟ್‌ಗಳನ್ನ ನೋಡಿ ಗೊತ್ತಾಯ್ತು, ಅದಕ್ಕೆ ಧೈರ್ಯ ಮಾಡಿ ಕೇಳ್ತಿದೀನಿ. ನನಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಅನ್ನೋ ಕಣ್ಣಿನ ತೊಂದರೆ ಇದೆ, ದೃಷ್ಟಿ ಅಂಚಿನಿಂದ ಒಳಕ್ಕೆ ಮುಚ್ಕೊಂಡು ಬರುತ್ತೆ, ಈಗ ಕೊಳವೆಯಲ್ಲಿ ನೋಡಿದ ಹಾಗೆ ನಡುವಿನದ್ದು ಮಾತ್ರ ಕಾಣುತ್ತೆ, ಅದೂ ಮಸುಕು. ಆರು ವರ್ಷದಿಂದ ಒಂದು ಕಂಪನಿಯ ಅಕೌಂಟ್ಸ್‌ನಲ್ಲಿ ಬಿಲ್‌ಗಳನ್ನ ತಾಳೆ ನೋಡೋ ಕೆಲಸ ಮಾಡ್ತಿದ್ದೆ. ಒಂದು ವರ್ಷದ ಹಿಂದೆ, ಸ್ಕ್ರೀನ್ ಓದಿ ಹೇಳೋ ಸಾಫ್ಟ್‌ವೇರ್ ಹಾಕಿಕೊಡಿ, ಸ್ಕ್ಯಾನ್ ಮಾಡಿದ ಚಿತ್ರದ ಬದಲು ಅಕ್ಷರ ಇರೋ ಫೈಲ್ ಕಳ್ಸಿ (ಚಿತ್ರ ಆದ್ರೆ ಆ ಸಾಫ್ಟ್‌ವೇರ್‌ಗೆ ಓದೋಕೆ ಬರಲ್ಲ) ಅಂತ ಬರೆದು ಕೊಟ್ಟೆ. ನೋಡೋಣ ನೋಡೋಣ ಅಂತ ತಿಂಗಳುಗಟ್ಟಲೆ ತಳ್ಳಿದ್ರು. ಜನವರಿ 19ಕ್ಕೆ ಒಂದೇ ಸಾಲಿನ ಮೇಲ್ ಬಂತು, ಬಜೆಟ್ ಇಲ್ಲ, ಆಗಲ್ಲ ಅಂತ. ಆಮೇಲೆ ನಿಮ್ಮ ಸ್ಪೀಡ್ ಕಮ್ಮಿ, ತಪ್ಪು ಜಾಸ್ತಿ ಅಂತ ಎರಡು ಮೀಟಿಂಗ್ ಮಾಡಿದ್ರು, ಮಾರ್ಚ್‌ನಲ್ಲಿ ತೆಗೆದೇಬಿಟ್ರು.

ಲೆಟರ್‌ನಲ್ಲಿ ಮಾರ್ಚ್ 4 ಅಂತ ತಾರೀಕಿದೆ. ಪೋಸ್ಟ್‌ನಲ್ಲಿ ಮನೆಗೆ ಬಂದಿದ್ದು 7ಕ್ಕೆ, ಶನಿವಾರ. ಸಣ್ಣ ಅಕ್ಷರ, ತಿಳಿ ಬೂದು ಬಣ್ಣದ ಪ್ರಿಂಟು, ಫೋನ್ ಕ್ಯಾಮೆರಾ ಹಿಡಿದು ದೊಡ್ಡದು ಮಾಡಿ ನೋಡಿದ್ರೂ ಕಂಪನಿ ಹೆಸರು ಬಿಟ್ಟು ಏನೂ ಸಿಗ್ಲಿಲ್ಲ. ಹೆಂಡತಿ ಊರಲ್ಲಿ ಇರ್ಲಿಲ್ಲ. ಅವಳು 10ಕ್ಕೆ ಬಂದು, ಶೂ ಕೂಡ ಬಿಚ್ಚದೆ ಬಾಗಿಲ ಹತ್ರಾನೇ ನಿಂತು ಓದಿ ಹೇಳಿದ್ಳು. ನೋಟಿಸ್ ಅವಧಿ ಕೆಲಸ ಮಾಡೋದು ಬೇಡ, ಅದರ ಸಂಬಳ ಕೊಡ್ತೀವಿ, ತಕ್ಷಣದಿಂದ ಕೆಲಸ ಮುಗೀತು ಅಂತ.

ನಾನು ಕಂಪನಿಗೇ ಅಪೀಲ್ ಹಾಕಿದೀನಿ. ಎಚ್‌ಆರ್‌ನವರು ಫೋನ್‌ನಲ್ಲಿ, ಅಪೀಲ್ ಮುಗಿಯೋವರೆಗೂ ಹೊರಗಡೆ ಹೋಗ್ಬೇಡಿ, ಮುಗಿದ ಮೇಲೆ ಏನು ಬೇಕಾದ್ರೂ ಮಾಡ್ಕೊಳ್ಳಿ ಅಂದ್ರು. ಇವತ್ತಿಗೆ ಹತ್ತು ವಾರ ಆಗ್ತಾ ಬಂತು, ಅಪೀಲ್ ಮೀಟಿಂಗ್ ಎರಡು ಸಲ ಮುಂದಕ್ಕೆ ಹೋಗಿದೆ. ದಿನ ಯಾವಾಗಿಂದ ಎಣಿಸ್ಬೇಕು, ಲೆಟರ್ ತಾರೀಕಿಂದಾನಾ, ಕೈಗೆ ಬಂದ ದಿನದಿಂದಾನಾ, ಓದಿದ ದಿನದಿಂದಾನಾ, ಇಲ್ಲ ಅಪೀಲ್ ತೀರ್ಪಿನಿಂದಾನಾ? ಗೊತ್ತಿರೋರು ದಯವಿಟ್ಟು ಹೇಳಿ.

ಮುಂಗಾರು77:

ಯಾವ ದೇಶದಲ್ಲಿದೀರಿ ಅಂತ ಹೇಳಿಲ್ಲ ಸರ್, ಮೊದ್ಲು ಅದನ್ನ ಹೇಳಿ. ಈ ವಿಷಯದಲ್ಲಿ ದೇಶ ಬದಲಾದ್ರೆ ಲೆಕ್ಕಾನೇ ಬದಲಾಗುತ್ತೆ. ಜರ್ಮನಿಯಲ್ಲಿ ವಜಾ ಪತ್ರ ಕೈಗೆ ಬಂದ ಮೂರು ವಾರದೊಳಗೆ ಲೇಬರ್ ಕೋರ್ಟಿಗೆ ಹೋಗ್ಬೇಕು, ಆಸ್ಟ್ರೇಲಿಯಾದಲ್ಲಿ ಫೇರ್ ವರ್ಕ್ ಕಮಿಷನ್‌ಗೆ ಅರ್ಜಿ ಹಾಕೋಕೆ 21 ದಿನ, ಅಷ್ಟೇ. ಹತ್ತು ವಾರ ಅಂದ್ರೆ ಅಲ್ಲೆಲ್ಲ ಗಡುವು ಮುಗಿದು ಎಷ್ಟೋ ದಿನ ಆಗಿರುತ್ತೆ.

ನನಗೆ ಗೊತ್ತಿರೋದು ಭಾರತದ್ದು. ಇಲ್ಲಿ ಖಾಸಗಿ ಕೆಲಸದಲ್ಲಿ ಕಾರ್ಮಿಕ ಅನ್ನೋ ವ್ಯಾಖ್ಯೆಯೊಳಗೆ ಬರೋರಿಗೆ ಹಳೇ ಇಂಡಸ್ಟ್ರಿಯಲ್ ಡಿಸ್ಪ್ಯೂಟ್ಸ್ ಆಕ್ಟ್‌ನಲ್ಲಿ ವಜಾ ಆದ ದಿನದಿಂದ ಮೂರು ವರ್ಷ ಇತ್ತು, 2025ರ ನವೆಂಬರ್ 21ಕ್ಕೆ ಹೊಸ ಇಂಡಸ್ಟ್ರಿಯಲ್ ರಿಲೇಶನ್ಸ್ ಕೋಡ್ ಜಾರಿಗೆ ಬಂದ ಮೇಲೆ ಅದು ಎರಡು ವರ್ಷಕ್ಕೆ ಇಳಿದಿದೆ. ಮೊದ್ಲು ರಾಜಿ ಅಧಿಕಾರಿಗೆ ಅರ್ಜಿ, 45 ದಿನ ಆದ್ರೂ ಬಗೆಹರೀಲಿಲ್ಲ ಅಂದ್ರೆ ಸೀದಾ ಟ್ರಿಬ್ಯೂನಲ್, ಅಂದ್ರೆ ಕೆಲಸದ ವಿವಾದ ನೋಡೋ ನ್ಯಾಯಮಂಡಳಿ. ಸರ್ಕಾರಿ ನೌಕರಿ ಆದ್ರೆ ದಾರಿಯೇ ಬೇರೆ. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದವರನ್ನ ತೆಗೆಯೋ ಹಾಗೇ ಇಲ್ಲ ಅಂತ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20(4)ನೇ ಕಲಮು ಹೇಳುತ್ತೆ, ಆ ಹುದ್ದೆ ಮಾಡೋಕಾಗಲ್ಲ ಅಂದ್ರೆ ಅದೇ ಸಂಬಳದ ಬೇರೆ ಹುದ್ದೆ ಕೊಡ್ಬೇಕು. ಅದು ಸಿಗ್ಲಿಲ್ಲ ಅಂದ್ರೆ ಸಿಗೋವರೆಗೂ ಹೆಚ್ಚುವರಿ ಹುದ್ದೆ ಮಾಡಿಯಾದ್ರೂ ಇಟ್ಕೋಬೇಕು. ಆದ್ರೆ ಅಷ್ಟು ಗಟ್ಟಿ ಹಕ್ಕಿದ್ರೂ ಆಡಳಿತ ನ್ಯಾಯಮಂಡಳಿಗೆ ಹೋಗೋಕೆ ಅಂತಿಮ ಆದೇಶದಿಂದ ಒಂದೇ ವರ್ಷ. ಇಲಾಖೆಗೆ ಮೇಲ್ಮನವಿ ಹಾಕಿ ಆರು ತಿಂಗಳು ಉತ್ತರ ಬರ್ಲಿಲ್ಲ ಅಂದ್ರೆ ಆ ಆರು ತಿಂಗಳು ಮುಗಿದ ಮೇಲೆ ಒಂದು ವರ್ಷ.

ಇಲ್ಲಿ ನಮ್ಮ ಜನ ತಪ್ಪು ಮಾಡೋ ಜಾಗ ಒಂದಿದೆ. ಒಂದು ಮನವಿ ತಿರಸ್ಕಾರ ಆದ್ರೆ ಇನ್ನೊಂದು, ಅದಾದ್ಮೇಲೆ ಮಂತ್ರಿಗೆ ಒಂದು, ಹೀಗೆ ಮನವಿ ಮೇಲೆ ಮನವಿ ಕೊಡ್ತಾ ಹೋಗ್ತಾರೆ, ಪ್ರತಿ ಸಲ ಹೊಸದಾಗಿ ದಿನ ಶುರುವಾಗುತ್ತೆ ಅಂದ್ಕೊಂಡು. ಆಗಲ್ಲ. 1989ರಲ್ಲೇ ರಾಥೋರ್ ಕೇಸಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಹೇಳಿದೆ, ಕಾನೂನಿನಲ್ಲೇ ಇರೋ ಮೇಲ್ಮನವಿ ಲೆಕ್ಕಕ್ಕೆ ಬರುತ್ತೆ, ಸುಮ್ಮನೆ ಮತ್ತೆ ಮತ್ತೆ ಕೊಡೋ ಮನವಿಯಿಂದ ಗಡುವು ಮುಂದಕ್ಕೆ ಹೋಗಲ್ಲ ಅಂತ. ನಿಮ್ಮ ಎಚ್‌ಆರ್ ಹೇಳಿದ ಮಾತು ಓದಿದಾಗ ನನಗೆ ಇದೇ ನೆನಪಾಯ್ತು.

ಕೇಳಿಸದವನು_ಆದ್ರೂ_ಇದ್ದೀನಿ:

ನಾನು ಅಮೆರಿಕದಲ್ಲಿದೀನಿ, ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ಅಲ್ಲ, ಆದ್ರೆ ನನಗೆ ಆಗಿದ್ದು ಹೇಳ್ತೀನಿ ಯಾಕಂದ್ರೆ ಎಚ್‌ಆರ್ ಮಾತು ನಂಬಿದವರಲ್ಲಿ ನಾನೂ ಒಬ್ಬ. ನನಗೆ ಎರಡೂ ಕಿವಿ ಕೇಳಿಸೋದು ತೀರಾ ಕಮ್ಮಿ. ಮೀಟಿಂಗ್‌ಗಳಿಗೆ ಲೈವ್ ಕ್ಯಾಪ್ಷನ್ ಕೇಳಿದ್ದೆ, ಕೊಡೋ ಬದಲು ಕಸ್ಟಮರ್ ಜೊತೆ ಮಾತಾಡೋಕೆ ನಿಮ್ಮಿಂದ ಆಗ್ತಿಲ್ಲ ಅಂತ ಹೇಳಿ ಎರಡು ತಿಂಗಳು ಮುಂಚೆ ತಿಳಿಸಿ ತೆಗೆದ್ರು. ಆ ಎರಡು ತಿಂಗಳು ಕೆಲಸ ಮಾಡ್ದೆ, ಒಳಗೆ ದೂರೂ ಕೊಟ್ಟೆ, ಅದರ ಉತ್ತರಕ್ಕೆ ಕಾದೆ.

ಇಲ್ಲಿ ಎಡಿಎ, ಅಂದ್ರೆ ಡಿಸೆಬಿಲಿಟಿ ಇರೋರಿಗೆ ತಾರತಮ್ಯ ಮಾಡ್ಬಾರ್ದು ಅನ್ನೋ ಕಾಯ್ದೆ, ಅದರ ಕೆಳಗೆ ದೂರು ಕೊಡೋಕೆ ಇಇಒಸಿ ಅನ್ನೋ ಕಮಿಷನ್ ಇದೆ, 180 ದಿನ, ರಾಜ್ಯದಲ್ಲೂ ಅಂಥದ್ದೇ ಸಂಸ್ಥೆ ಇದ್ರೆ 300 ದಿನ. ಫೆಡರಲ್ ಸರ್ಕಾರದ ನೌಕರ ಆದ್ರೆ 45 ದಿನದೊಳಗೆ ತಾರತಮ್ಯದ ದೂರು ಕೇಳೋ ಕೌನ್ಸೆಲರ್ ಹತ್ರ ಹೋಗ್ಬೇಕು. ನನಗೆ 300 ಇತ್ತು, ಬೇಕಾದಷ್ಟು ಟೈಮ್ ಇದೆ ಅಂದ್ಕೊಂಡೆ. ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಲ್ಲಿ ಕೊನೇ ಕೆಲಸದ ದಿನದಿಂದ ಎಣಿಸಿ 300ನೇ ದಿನಕ್ಕೆ ಸುತ್ತು ಹಾಕಿದ್ದೆ, ಅದಕ್ಕೆ ಮೂರು ವಾರ ಮುಂಚೇನೇ ಹೋದೆ ಅನ್ನೋ ಸಮಾಧಾನ ಬೇರೆ. ಆದ್ರೆ ಇಲ್ಲಿ ಎಣಿಕೆ ಶುರುವಾಗೋದು ಕೆಲಸ ನಿಂತ ದಿನದಿಂದ ಅಲ್ಲ, ತೆಗೀತೀವಿ ಅಂತ ಖಚಿತವಾಗಿ ತಿಳಿಸಿದ ದಿನದಿಂದ. 1980ರ ರಿಕ್ಸ್ ತೀರ್ಪು ಅಂತಿದೆ, ಅದರಲ್ಲಿ ಒಳಗಿನ ದೂರು ನಡೀತಿದ್ರೂ ಎಣಿಕೆ ನಿಲ್ಲಲ್ಲ ಅಂತಾನೂ ಇದೆ. ಒಂದೇ ತೀರ್ಪಿನ ಎರಡು ಮಾತು, ನಾನು ಎರಡನ್ನೂ ತಪ್ಪು ತಿಳ್ಕೊಂಡಿದ್ದೆ. ತಿಳಿಸಿದ ದಿನದಿಂದ ಲೆಕ್ಕ ಹಾಕಿದ್ರೆ ನಾನು ತಡ. ದೂರು ವಜಾ ಆಯ್ತು, ಕ್ಯಾಪ್ಷನ್ ಯಾಕೆ ಕೊಡ್ಲಿಲ್ಲ ಅಂತ ಕಂಪನಿನ ಯಾರೂ ಒಂದು ಪ್ರಶ್ನೆ ಕೇಳ್ಲಿಲ್ಲ. ನನ್ನ ಹತ್ರ ಹದಿನೇಳು ಮೇಲ್ ಇತ್ತು ಸಾಕ್ಷಿಗೆ, ಒಂದೂ ತೆರೆದು ನೋಡೋ ಹಂತಕ್ಕೇ ಬರ್ಲಿಲ್ಲ.

ನೀವು ಎಲ್ಲೇ ಇರಿ, ದಯವಿಟ್ಟು ಈ ವಾರಾನೇ ಯಾರಿಗಾದ್ರೂ ಫೋನ್ ಮಾಡಿ.

ದೂರದೂರಿಗ:

ನಿಮ್ಮದು ಓದಿಸ್ಕೊಂಡು ಕೇಳಿ ತುಂಬಾ ಬೇಜಾರಾಯ್ತು, ಹೇಳಿದ್ದಕ್ಕೆ ಥ್ಯಾಂಕ್ಸ್. ದೇಶ ಹೇಳೋದು ಮರೆತಿದ್ದೆ, ನಾನಿರೋದು ಬ್ರಿಟನ್, ಇಂಗ್ಲೆಂಡ್. ಟ್ರಿಬ್ಯೂನಲ್ ಇದೆ ಅಂತ ಗೊತ್ತು, ಮೂರು ತಿಂಗಳು ಅಂತ ಒಬ್ರು ಹೇಳಿದ್ರು, ಆರು ತಿಂಗಳು ಮಾಡಿದ್ದಾರೆ ಅಂತ ಇನ್ನೊಬ್ರು ಹೇಳಿದ್ರು.

ಯೂನಿಯನ್_ಅಕ್ಕ:

ನಾನು ಬ್ರಿಟನ್‌ನಲ್ಲಿ ಯೂನಿಯನ್ ರೆಪ್ ಆಗಿ ಹನ್ನೊಂದು ವರ್ಷ ಕೆಲಸ ಮಾಡಿದೀನಿ, ಲಾಯರ್ ಅಲ್ಲ, ಆದ್ರೆ ಈ ದಿನದ ಲೆಕ್ಕ ಎಷ್ಟೋ ಜನರ ಜೊತೆ ಕೂತು ಹಾಕಿದೀನಿ. ಸ್ವಲ್ಪ ಉದ್ದ ಆಗುತ್ತೆ, ಮನೆಯವರ ಹತ್ರ ನಿಧಾನಕ್ಕೆ ಓದಿಸ್ಕೊಳ್ಳಿ.

ಮೊದ್ಲು ಮೂರೋ ಆರೋ ಅನ್ನೋದು. 2025ರ ಎಂಪ್ಲಾಯ್‌ಮೆಂಟ್ ರೈಟ್ಸ್ ಆಕ್ಟ್ ಆರು ತಿಂಗಳು ಮಾಡೋಕೆ ಅವಕಾಶ ಮಾಡಿದೆ, ಆದ್ರೆ ಕಾಯ್ದೆ ಪಾಸಾಗೋದು ಬೇರೆ, ಆ ಕಲಮು ಜಾರಿಗೆ ಬರೋದು ಬೇರೆ. ನಿಮ್ಮ ಕೆಲಸ ಮಾರ್ಚ್‌ನಲ್ಲಿ ಹೋಗಿದೆ, ಹಾಗಾಗಿ ಹಳೇ ಲೆಕ್ಕಾನೇ ಹಿಡೀರಿ. ಅಂದ್ರೆ ಮೂರು ತಿಂಗಳಲ್ಲಿ ಒಂದು ದಿನ ಕಮ್ಮಿ. ಈ ಒಂದು ದಿನ ಕಮ್ಮಿ ಅನ್ನೋದನ್ನ ಜನ ಮರೀತಾರೆ, 4ಕ್ಕೆ ಆಗಿದ್ರೆ ಮೂರು ತಿಂಗಳಾದ್ಮೇಲಿನ 4 ಅಲ್ಲ, 3ನೇ ತಾರೀಕು ರಾತ್ರಿ ಹನ್ನೆರಡಕ್ಕೆ ಬಾಗಿಲು ಮುಚ್ಚಿತು.

ಇನ್ನು ಯಾವ ದಿನದಿಂದ. ನಿಮಗೆ ನೋಟಿಸ್ ಬದಲು ಸಂಬಳ ಕೊಟ್ಟು ತಕ್ಷಣ ತೆಗೆದಿರೋದ್ರಿಂದ ಇದು ಮುಖ್ಯ ಪ್ರಶ್ನೆ. 2010ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಗಿಸ್ಡಾ ಅನ್ನೋ ಕೇಸಲ್ಲಿ, ಪೋಸ್ಟ್‌ನಲ್ಲಿ ಕಳ್ಸಿದ ವಜಾ ಪತ್ರ ನೌಕರ ಅದನ್ನ ಓದಿದಾಗ ಅಥವಾ ಓದೋಕೆ ನ್ಯಾಯವಾದ ಅವಕಾಶ ಸಿಕ್ಕಾಗ ಮಾತ್ರ ಜಾರಿಗೆ ಬರುತ್ತೆ ಅಂತ ಹೇಳಿತು. ಆ ಕೇಸಲ್ಲಿ ಆಕೆ ಊರಲ್ಲಿ ಇರ್ಲಿಲ್ಲ, ಪತ್ರ ಮನೇಲಿ ಕೆಲವು ದಿನ ಒಡೀದೆ ಬಿದ್ದಿತ್ತು. ನಿಮ್ಮದು ಅದಕ್ಕಿಂತ ಗಟ್ಟಿ ಅನ್ಸುತ್ತೆ ನನಗೆ, ಕಣ್ಣಿನ ತೊಂದರೆ ಇರೋನಿಗೆ ಗೊತ್ತಿದ್ದೂ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಕಳ್ಸಿದ್ದಾರೆ, ಹಾಗಾಗಿ 10 ಅಂತ ವಾದ ಮಾಡೋಕೆ ದಾರಿ ಇದೆ. ಆದ್ರೆ ತಮ್ಮಾ, ಆ ವಾದನ ಇಟ್ಕೊಂಡಿರು, ಅದನ್ನ ನಂಬ್ಕೊಂಡು ಮಾತ್ರ ಕೂರಬೇಡ. ವಾದ ಮಾಡೋ ಪರಿಸ್ಥಿತಿನೇ ಬರ್ಬಾರ್ದು. ಎಲ್ಲಕ್ಕಿಂತ ಮುಂಚಿನ ತಾರೀಕು ಹಿಡಿ, ಮಾರ್ಚ್ 4, ಅಂದ್ರೆ ಜೂನ್ 3. ಇನ್ನೂ ಮೂರು ವಾರ ಇದೆ.

ಕಂಪನಿ ಅಪೀಲ್ ಇದನ್ನ ಒಂದು ಗಂಟೆ ಕೂಡ ನಿಲ್ಸಲ್ಲ. ಎಚ್‌ಆರ್‌ನವರು ಬೇಕೂಂತ ಹೇಳಿದ್ರೋ ಗೊತ್ತಿಲ್ದೆ ಹೇಳಿದ್ರೋ ನನಗೆ ಗೊತ್ತಿಲ್ಲ, ಎರಡೂ ನೋಡಿದೀನಿ, ಆದ್ರೆ ಆ ಮಾತಿನಿಂದ ನಷ್ಟ ಆಗೋದು ನಿನಗೆ. ಅಪೀಲ್ ಬಿಡ್ಬೇಡ, ಅದನ್ನೂ ನಡ್ಸು, ಜೊತೆಗೇ ಇದನ್ನೂ ಶುರು ಮಾಡು. ಅಪೀಲ್‌ನಲ್ಲಿ ಗೆದ್ರೆ ಕೇಸ್ ವಾಪಸ್ ತಗೊಂಡ್ರಾಯ್ತು.

ಈಗ ಮಾಡ್ಬೇಕಾದ್ದು ಅಕಾಸ್‌ಗೆ ತಿಳಿಸೋದು, ಕೆಲಸದ ಜಗಳಗಳಲ್ಲಿ ರಾಜಿ ಮಾಡಿಸೋ ಸಂಸ್ಥೆ ಅದು. ಸೀದಾ ಟ್ರಿಬ್ಯೂನಲ್‌ಗೆ ಹೋದ್ರೆ ತಗೊಳಲ್ಲ, ಮೊದ್ಲು ಅರ್ಲಿ ಕನ್ಸಿಲಿಯೇಶನ್ (ಕೇಸಿಗೆ ಮುಂಚಿನ ರಾಜಿ ಪ್ರಯತ್ನ) ಅಂತ ಅಕಾಸ್ ಹತ್ರ ನೋಂದಾಯಿಸ್ಬೇಕು, ಖರ್ಚಿಲ್ಲ, ಆನ್‌ಲೈನ್ ಫಾರ್ಮ್ ಕಷ್ಟ ಆದ್ರೆ ಫೋನ್‌ನಲ್ಲೇ ಮಾಡ್ಬಹುದು. ಜೂನ್ 3ರ ಒಳಗೆ ನೋಂದಾಯಿಸಿದ್ರೆ ಆ ದಿನದಿಂದ ಎಣಿಕೆ ನಿಲ್ಲುತ್ತೆ, ರಾಜಿ ಪ್ರಯತ್ನ ಮುಗೀತು ಅಂತ ಅವರು ಸರ್ಟಿಫಿಕೇಟ್ ಕೊಟ್ಟ ಮೇಲೆ ಮತ್ತೆ ಶುರುವಾಗುತ್ತೆ. ನಿಂತಿದ್ದ ದಿನ ಕೂಡಿಸಿದ ಮೇಲೂ ಗಡುವು ಸರ್ಟಿಫಿಕೇಟ್ ಬಂದು ಒಂದು ತಿಂಗಳಾಗೋ ಮುಂಚೆನೇ ಮುಗಿಯೋ ಹಾಗಿದ್ರೆ ಆ ಒಂದು ತಿಂಗಳು ಪೂರ್ತಿ ಸಿಗುತ್ತೆ. ಆದ್ರೆ ಗಡುವು ಮುಗಿದ ಮೇಲೆ ಅಕಾಸ್‌ಗೆ ಹೋದ್ರೆ ಒಂದು ದಿನಾನೂ ಸಿಗಲ್ಲ, ಸತ್ತ ಗಡಿಯಾರ ನಿಲ್ಸೋಕಾಗಲ್ಲ ಅಲ್ವಾ. ರಾಜಿ ಮಾತುಕತೆ ಈಗ 12 ವಾರದವರೆಗೂ ನಡೀಬಹುದು, ಕಂಪನಿ ಮಾತಿಗೇ ಬರಲ್ಲ ಅಂದ್ರೆ ಬೇಗ ಮುಗಿಯುತ್ತೆ.

ಇನ್ನೊಂದು, ನಿನ್ನ ಕಣ್ಣಿನ ತೊಂದರೆನ ಕಣ್ಣಿನ ಆಸ್ಪತ್ರೆ ಕನ್ಸಲ್ಟೆಂಟ್ ಸೈಟ್ ಇಂಪೇರ್ಡ್ (ದೃಷ್ಟಿ ದೋಷ ಇರೋರು) ಅಂತ ಸರ್ಟಿಫೈ ಮಾಡಿದ್ದಾರಾ? ಮಾಡಿದ್ರೆ ಡಿಸೆಬಿಲಿಟಿ ಇದೆ ಅಂತ ಬೇರೆ ಸಾಬೀತು ಮಾಡೋ ಅಗತ್ಯಾನೇ ಇಲ್ಲ, ಕಾನೂನೇ ಹಾಗಂತ ಒಪ್ಪುತ್ತೆ. ಅರ್ಧ ಕೇಸುಗಳು ಅಲ್ಲೇ ತಿಂಗಳುಗಟ್ಟಲೆ ಎಳೀತವೆ.

ದೂರದೂರಿಗ:

ಅಕ್ಕಾ, ಕೈ ಮುಗೀತೀನಿ. ಸರ್ಟಿಫಿಕೇಟ್ ಇದೆ, ಎರಡು ವರ್ಷದ ಹಿಂದೆ ಮಾಡಿದ್ದು, ಕಂಪನಿಗೂ ಕಾಪಿ ಕೊಟ್ಟಿದ್ದೆ. ಒಂದು ಡೌಟು, ಸಾಫ್ಟ್‌ವೇರ್ ಕೊಡಲ್ಲ ಅಂದ ಜನವರಿ ಮೇಲ್ ಇದೆಯಲ್ಲ ಅದೂ ಈ ಕೇಸಲ್ಲೇ ಸೇರುತ್ತಾ? ನನಗೆ ತೆಗೆದಿದ್ದಕ್ಕಿಂತ ಅದೇ ಜಾಸ್ತಿ ನೋವು. ಸಾಫ್ಟ್‌ವೇರ್ ಇದ್ದಿದ್ರೆ ತಪ್ಪೇ ಆಗ್ತಿರ್ಲಿಲ್ಲ. ಮತ್ತೆ ತಡ ಆದ್ರೆ ಆರೋಗ್ಯದ ಕಾರಣ ಹೇಳಿದ್ರೆ ಒಪ್ತಾರಾ? ಮೊದಲ ಒಂದು ತಿಂಗಳು ನಾನು ಹಾಸಿಗೆ ಬಿಟ್ಟು ಎದ್ದಿದ್ದೇ ಕಮ್ಮಿ.

ಯೂನಿಯನ್_ಅಕ್ಕ:

ಕೇಳಿದ್ದು ಒಳ್ಳೇದಾಯ್ತು, ಇದನ್ನ ನಾನೇ ಹೇಳ್ಬೇಕಿತ್ತು. ಒಂದೊಂದು ತಪ್ಪಿಗೂ ಅದರದ್ದೇ ಗಡಿಯಾರ. ಅನುಕೂಲ ಮಾಡಿಕೊಡಲಿಲ್ಲ ಅನ್ನೋದು ಒಂದು ತಪ್ಪು, ಕೆಲಸದಿಂದ ತೆಗೆದಿದ್ದು ಇನ್ನೊಂದು. ಮಾಡ್ಬೇಕಾದ್ದು ಮಾಡ್ಲಿಲ್ಲ ಅನ್ನೋ ಥರದ ತಪ್ಪಿಗೆ, ಮಾಡಲ್ಲ ಅಂತ ಅವರು ತೀರ್ಮಾನ ಮಾಡಿದ ದಿನದಿಂದ ಎಣಿಕೆ ಅಂತ ಇಲ್ಲಿನ ತಾರತಮ್ಯ ತಡೆಯೋ ಕಾಯ್ದೆ, ಈಕ್ವಾಲಿಟಿ ಆಕ್ಟ್ 2010ರ 123ನೇ ಸೆಕ್ಷನ್ ಹೇಳುತ್ತೆ. ಏನೂ ಹೇಳದೆ ತಳ್ತಾನೇ ಇದ್ರೆ, ನ್ಯಾಯವಾಗಿ ಇಷ್ಟರೊಳಗೆ ಮಾಡ್ಬೇಕಿತ್ತು ಅನ್ನೋ ಅವಧಿ ಮುಗಿದ ದಿನದಿಂದ. ಅಂದ್ರೆ ನೋಡೋಣ ನೋಡೋಣ ಅನ್ನೋ ಮಾತಿನ ಕೆಳಗೂ ಗಡಿಯಾರ ಓಡ್ತಿರುತ್ತೆ, ನಮಗೆ ಗೊತ್ತೇ ಆಗಲ್ಲ. ಜನವರಿ 19ರ ಮೇಲ್ ಹಿಡಿದ್ರೆ ಏಪ್ರಿಲ್ 18ಕ್ಕೆ ಆ ಭಾಗದ ಟೈಮ್ ಮುಗಿದಿದೆ.

ಗಾಬರಿ ಬೇಡ, ಅದನ್ನ ಬಿಟ್ಟುಬಿಡು ಅಂತ ನಾನು ಹೇಳ್ತಿಲ್ಲ. ಕೇಳಿದ್ದು ಕೊಡ್ಲಿಲ್ಲ, ಕೊಡದೆ ಇದ್ದಿದ್ರಿಂದ ಆದ ತಪ್ಪನ್ನೇ ತೋರ್ಸಿ ಮೀಟಿಂಗ್ ಮಾಡಿದ್ರು, ಅದನ್ನೇ ಕಾರಣ ಮಾಡಿ ತೆಗೆದ್ರು, ಇದೆಲ್ಲ ಒಂದೇ ಸರಣಿ ನಡವಳಿಕೆ ಅಂತ ಹೇಳಬಹುದು, ಹಾಗಿದ್ರೆ ಸರಣಿಯ ಕೊನೇ ದಿನದಿಂದ ಎಣಿಕೆ. ಒಪ್ಪಿದ್ರೆ ಒಪ್ಪಿದ್ರು. ಒಪ್ಪದಿದ್ರೂ ತೆಗೆದಿರೋ ಕೇಸಿಗೆ ಆ ಜನವರಿ ಮೇಲ್ ಬೆನ್ನೆಲುಬು, ಯಾಕಂದ್ರೆ ಸಾಫ್ಟ್‌ವೇರ್ ಕೊಟ್ಟು ನೋಡದೆ ಸ್ಪೀಡ್ ಕಮ್ಮಿ ಅಂತ ತೆಗೆಯೋದು ನ್ಯಾಯ ಅಂತ ಕಂಪನಿ ಸಮರ್ಥಿಸ್ಕೊಳ್ಳೋದು ಕಷ್ಟ. ಹಾಗಾಗಿ ಫಾರ್ಮ್‌ನಲ್ಲಿ ಜನವರಿ ಮೇಲ್ ಬಗ್ಗೆ ತಾರೀಕು ಸಮೇತ ಬರಿ.

ತಡ ಆದ್ರೆ ಒಪ್ತಾರಾ ಅಂತ ಕೇಳಿದೆ. ಇಲ್ಲೂ ಎರಡು ಅಳತೆ. ತಾರತಮ್ಯದ ಕೇಸಿಗೆ, ಟೈಮ್ ಕೊಡೋದು ನ್ಯಾಯಸಮ್ಮತ ಅನ್ಸಿದ್ರೆ ಟ್ರಿಬ್ಯೂನಲ್ ಕೊಡಬಹುದು, ಆರೋಗ್ಯದ ಕಾರಣಾನೂ ನೋಡ್ತಾರೆ, ಆದ್ರೆ ಡಾಕ್ಟರ್ ಬರೆದಿರೋ ಪತ್ರ ಬೇಕು, ನಾನು ಹಾಸಿಗೆ ಹಿಡಿದಿದ್ದೆ ಅಂತ ಬಾಯಲ್ಲಿ ಹೇಳಿದ್ರೆ ಸಾಲಲ್ಲ. ಅನ್ಯಾಯದ ವಜಾ ಅನ್ನೋ ಬೇರೆ ಕೇಸಿದೆ, ನಿನಗೆ ಆರು ವರ್ಷ ಸರ್ವಿಸ್ ಇರೋದ್ರಿಂದ ಅದನ್ನೂ ಹಾಕ್ಬಹುದು, ಅದಕ್ಕೆ ಅಳತೆ ಇನ್ನೂ ಬಿಗಿ, ಟೈಮೊಳಗೆ ಹಾಕೋಕೆ ಸಾಧ್ಯವೇ ಇರ್ಲಿಲ್ಲ ಅಂತ ತೋರಿಸ್ಬೇಕು. ಅಪೀಲ್‌ಗೆ ಕಾಯ್ತಿದ್ದೆ ಅನ್ನೋದು ಅಲ್ಲಿ ಸಾಮಾನ್ಯವಾಗಿ ನಡೆಯಲ್ಲ.

ಈ ವಿಷಯ ನನಗೆ ಯಾವಾಗ್ಲೂ ಸಂಕಟ ಮಾಡುತ್ತೆ. ಕೆಲಸ ಹೋದ ಮೊದಲ ಮೂರು ತಿಂಗಳು ಅಂದ್ರೆ ಮನುಷ್ಯ ಅತಿ ಕುಗ್ಗಿರೋ ಟೈಮು, ಅದರಲ್ಲೂ ಕಾಯಿಲೆ ಇರೋರು, ಹೊಸದಾಗಿ ಕಣ್ಣೋ ಕಾಲೋ ಕಳ್ಕೊಂಡೋರು ಆಸ್ಪತ್ರೆಗೆ ಓಡಾಡ್ತಿರ್ತಾರೆ. ಆ ಮೂರು ತಿಂಗಳೊಳಗೇ ಎಲ್ಲ ಮುಗಿಸ್ಬೇಕು ಅಂತ ಕಾನೂನು ಹೇಳುತ್ತೆ. ಆರು ತಿಂಗಳು ಆಗೋದನ್ನ ನಾನು ಅದಕ್ಕೇ ಕಾಯ್ತಿದೀನಿ.

ಮುಂಗಾರು77:

ಅಕ್ಕ ಹೇಳಿದ್ದರ ಜೊತೆಗೆ ಒಂದು ಸಣ್ಣ ಮಾತು. ಲೆಟರ್ ಬಂದ ಕವರ್ ಎಸೀಬೇಡಿ, ಅದರ ಮೇಲಿನ ಪೋಸ್ಟ್ ಮುದ್ರೆ ಮುಂದೆ ಬೇಕಾಗಬಹುದು. ನಿಮ್ಮ ಮನೆಯವರು 10ಕ್ಕೆ ವಾಪಸ್ ಬಂದ ಟ್ರೈನೋ ಬಸ್ಸೋ ಟಿಕೆಟ್ ಇದ್ರೆ ಅದೂ ಇಟ್ಕೊಳ್ಳಿ. ಎಚ್‌ಆರ್ ಫೋನ್‌ನಲ್ಲಿ ಹೇಳಿದ್ದನ್ನ ನೀವೇ ಒಂದು ಮೇಲ್ ಮಾಡಿ, ನೀವು ಇಂಥ ದಿನ ಹೀಗೆ ಹೇಳಿದ್ರಿ ಅಂತ. ಫೋನ್ ಮಾತಿಗೆ ಸಾಕ್ಷಿ ಇರಲ್ಲ, ಮೇಲ್‌ಗೆ ಇರುತ್ತೆ.

ದೂರದೂರಿಗ:

ನಿನ್ನೆ ಅಕಾಸ್‌ಗೆ ಫೋನ್ ಮಾಡ್ದೆ. ಇಪ್ಪತ್ತು ನಿಮಿಷ ಆಯ್ತು ಅಷ್ಟೇ, ನಾನೇನೋ ದೊಡ್ಡ ವಿಚಾರಣೆ ಇರುತ್ತೆ ಅಂದ್ಕೊಂಡಿದ್ದೆ. ಹೆಸರು, ಕಂಪನಿ ಹೆಸರು, ಅಡ್ರೆಸ್, ಯಾವಾಗ ತೆಗೆದ್ರು, ಇಷ್ಟೇ ಕೇಳಿದ್ದು. ಕಣ್ಣಿನ ತೊಂದರೆ ಇದೆ ಅಂದಾಗ ಪತ್ರಗಳನ್ನ ದೊಡ್ಡ ಅಕ್ಷರದಲ್ಲಿ ಬೇಕಾ, ಸಾಫ್ಟ್‌ವೇರ್ ಓದೋ ಥರ ಮೇಲ್‌ನಲ್ಲಿ ಬೇಕಾ ಅಂತ ಅವರೇ ಕೇಳಿದ್ರು. ಒಂದು ವರ್ಷ ಕಂಪನಿ ಹತ್ರ ಕೇಳ್ಕೊಂಡಿದ್ದನ್ನ ಇವರು ನಾನು ಕೇಳೋ ಮುಂಚೆ ಕೇಳಿಬಿಟ್ರು, ಒಂದು ನಿಮಿಷ ನನಗೆ ಮಾತೇ ಹೊರಡ್ಲಿಲ್ಲ.

ಕವರ್ ಸಿಕ್ತು, ಹೆಂಡತಿ ಎತ್ತಿಟ್ಟಿದ್ಳು. ಎಚ್‌ಆರ್‌ಗೆ ಮೇಲ್ ಕೂಡ ಹೋಯ್ತು, ಇನ್ನೂ ಉತ್ತರ ಇಲ್ಲ. ಟ್ರಿಬ್ಯೂನಲ್‌ಗೆ ಫೀಸ್ ಎಷ್ಟಿರುತ್ತೆ ಅಂತ ಮಾತ್ರ ಕೇಳೋದು ಮರೆತೆ.

ಯೂನಿಯನ್_ಅಕ್ಕ:

ಫೀಸ್ ಇಲ್ಲಪ್ಪ. ಮುಂಚೆ ಇತ್ತು, 2017ರಲ್ಲಿ ಯೂನಿಸನ್ ಯೂನಿಯನ್ ಸುಪ್ರೀಂ ಕೋರ್ಟಿಗೆ ಹೋಗಿ ಗೆದ್ದು ಅದನ್ನ ತೆಗೆಸ್ತು. ಅಕಾಸ್ ಸರ್ಟಿಫಿಕೇಟ್ ಬಂದ ದಿನ ಫೋನ್‌ನಲ್ಲಿ ರಿಮೈಂಡರ್ ಹಾಕ್ಕೋ, ಒಂದು ತಿಂಗಳಿಗಲ್ಲ, ಎರಡು ವಾರಕ್ಕೆ. ಅದರ ನಂಬರ್‌ನ ಟ್ರಿಬ್ಯೂನಲ್ ಫಾರ್ಮ್‌ನಲ್ಲಿ ಒಂದಂಕಿ ತಪ್ಪಿಲ್ದೆ ಹಾಕ್ಬೇಕು, ಕಂಪನಿ ಹೆಸರು ಸರ್ಟಿಫಿಕೇಟ್‌ನಲ್ಲಿ ಹೇಗಿದೆಯೋ ಹಾಗೇ ಇರ್ಬೇಕು. ಫಾರ್ಮ್ ತುಂಬೋ ದಿನ ಇಲ್ಲಿ ಮೆಸೇಜ್ ಹಾಕು, ಫೋನ್‌ನಲ್ಲಿ ಜೊತೆಗಿರ್ತೀನಿ, ಸಾಲು ಸಾಲಾಗಿ ಓದ್ಕೊಂಡು ತುಂಬೋಣ.